ಗಾಲಿಗೆ ಹಾಕಿದ ಕೀಲೆಣ್ಣೆ

ಗ್ಯಾರಂಟಿ ಮಿಸ್ತ್ರಿ ಬಂದ ಎಂದರೆ ಯಾವ ಊರಲ್ಲೂ ಯಾರೂ ಚಹಾ ಕುಡಿಯುತ್ತೀಯಾ ಎಂದು ಕೇಳುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನ ಹತ್ತಿರ ಬರುತ್ತಾರೆ, ನಟ್ಟು ತಿರುಗಿಸುವ ಪಾನಾ ಹಿಡಿಯುವುದು ಹೇಗೆ, ಚಕ್ರ ಬಿಚ್ಚುವುದು ಹೇಗೆ ಎಂದು ಕೇಳುತ್ತಾರೆ. ಎಲ್ಲಿ ಉಣ್ಣುತ್ತಿದ್ದಿರಿ, ಯಾರ ಜೊತೆ ಮಾತಾಡುತ್ತಿದ್ದಿರಿ ಎಂದು ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ. ಪಾನಾ ಹಿಡಿಯುವುದೇನು, ದಡ್ಡನಿಗೂ ಒಂದು ವರ್ಷದಲ್ಲಿ ಬರುತ್ತದೆ. ಒಬ್ಬನೇ ಕೂತು ರೊಟ್ಟಿ ಮುರಿದು ತಿನ್ನುವುದು ನನಗೆ ಈ ವಯಸ್ಸಿನಲ್ಲೂ ಸರಿಯಾಗಿ ಬಂದಿಲ್ಲ.

ನಾನು ಮುದನಾಳದವನು. ಹೈದರಾಬಾದಿನ ಒಂದು ವರ್ಕ್‌ಶಾಪಿನಲ್ಲಿ ಕೈಗೆ ಕರಿ ಹತ್ತಿಸಿಕೊಂಡು ಬಂದು ಯಾದಗಿರಿಯಲ್ಲಿ ಸ್ಟೇಷನ್ನಿಗೆ ಹತ್ತಿರವಿದ್ದ ಒಂದು ಮೋಟಾರ್ ಸೈಕಲ್ ಏಜೆನ್ಸಿಯಲ್ಲಿ ಕೆಲಸಕ್ಕೆ ನಿಂತೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಆದರೆ ಅದು ಕೊನೆ ಎಂದು ಆಗ ನಮಗೇನು ಗೊತ್ತು? ವಿಲಾಯತಿ ಗಾಡಿಗಳು ಮುಂಬೈಯಿಂದ ರೈಲಿನಲ್ಲಿ ಕಟ್ಟಿಗೆಯ ಪೆಟ್ಟಿಗೆಯೊಳಗೆ ಬರುತ್ತಿದ್ದವು. ಜನ ಅದನ್ನು ಫಟಫಟಿ ಎನ್ನುತ್ತಿದ್ದರು. ದೇಸಾಯಿಗಳು, ಹತ್ತಿ ವ್ಯಾಪಾರಿಗಳು, ಸರ್ಕಾರಿ ಅಧಿಕಾರಿಗಳು ಬಿಟ್ಟರೆ ಬೇರೆ ಯಾರೂ ಅದರ ಮೇಲೆ ಕೂತವರಲ್ಲ. ಹೊಸ ಗಾಡಿಗೆ ಇಷ್ಟು ತಿಂಗಳು ಎಂದು ಗ್ಯಾರಂಟಿ. ಅಷ್ಟರೊಳಗೆ ಏನಾದರೂ ಮುರಿದರೆ, ತಪ್ಪು ಕಂಪನಿಯದಾದರೆ ಹೊಸ ಸಾಮಾನು. ತಪ್ಪು ಓಡಿಸಿದವನದಾದರೆ ಏನೂ ಇಲ್ಲ. ಯಾರ ತಪ್ಪು ಎಂದು ಹೋಗಿ ನೋಡಿ ಬರುವುದೇ ನನ್ನ ಕೆಲಸ.

ಇದರಿಂದ ಏನಾಯಿತೆಂದರೆ, ಗಿರಾಕಿಗಳ ಕಣ್ಣಿಗೆ ನಾನು ಕಂಪನಿ ಸಾಕಿದ ನಾಯಿ, ಏಜೆನ್ಸಿಯ ಮಾಲೀಕ ಸೇಠ್ ಕಣ್ಣಿಗೆ ಗಿರಾಕಿಗಳ ವಕೀಲ. ಎರಡೂ ಕಡೆ ಬೈಗುಳ. ಹೆಣ್ಣು ಕೊಡಲು ಬಂದವರು, 'ತಿಂಗಳದಾಗ ಎಷ್ಟ ದಿನ ಮನ್ಯಾಗ ಇರ್ತೀರಿ?' ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಎದ್ದು ಹೋದವರು ತಿರುಗಿ ಬರಲಿಲ್ಲ. ಆಮೇಲೆ ಆ ಮಾತೂ ನಿಂತು ಹೋಯಿತು.

ಸೇಠ್ ಕೆಟ್ಟ ಮನುಷ್ಯನೇನಲ್ಲ. ಆದರೆ ಅವರಿಗೆ ಒಂದು ಮಾತು ಬಾಯಿಪಾಠ ಇತ್ತು: 'ಮದ್ಲ ಗಿರಾಕಿ ತಪ್ಪು ಅಂತ ಬರಿ, ಆಮ್ಯಾಲ ಗಾಡಿ ನೋಡು.' ಹೊಸದರಲ್ಲಿ ನಾನೂ ಹಾಗೆಯೇ ಮಾಡಿದೆ. ಹತ್ತಿಕುಣಿಯಲ್ಲಿ ಒಬ್ಬ ಗೌಡರು ಬ್ರೇಕ್ ಹಿಡಿಯುವುದಿಲ್ಲ ಎಂದು ದೂರಿದರು. ನಾನು ಗಾಡಿ ಮುಟ್ಟಿಯೂ ನೋಡದೆ, ನಿಮಗೆ ಬ್ರೇಕ್ ಒತ್ತುವುದೇ ತಿಳಿಯುವುದಿಲ್ಲ ಎಂದು ಬೆಳಗಿನಿಂದ ವಾದಿಸಿದೆ. ಕೊನೆಗೆ, 'ನೋಡ್ರಿ ಹಿಂಗ' ಎಂದು ನಾನೇ ಗಾಡಿ ಹತ್ತಿ ಹೊರಟವನು ಸೀದಾ ಎದುರಿನ ಜೋಳದ ಹೊಲಕ್ಕೆ ನುಗ್ಗಿದೆ. ಗೌಡರು ಬದುವಿನ ಮೇಲೆ ನಿಂತು, 'ಹಿಂಗೇನ್ರಿ ಮಿಸ್ತ್ರಿ? ಹಿಂಗಾದ್ರ ನಮಗೂ ಬರತೈತ್ರಿ' ಎಂದರು. ಊರಿಗೆ ಊರೇ ನಕ್ಕಿತು. ಅಂದಿನಿಂದ ನಾನು ಮೊದಲು ಗಾಡಿ ನೋಡತೊಡಗಿದೆ.

ಶಹಾಪುರದ ಒಬ್ಬ ಕಿರಾಣಿ ವ್ಯಾಪಾರಿಯದು ಇನ್ನೊಂದು ಕತೆ. ಆತನ ಗಾಡಿಯ ಬ್ರೇಕ್ ಪೂರ್ತಿ ಒತ್ತಿದರೂ ಅರ್ಧಕ್ಕೇ ನಿಲ್ಲುತ್ತಿತ್ತು. ಬಗ್ಗಿ ನೋಡಿದರೆ ಆತನ ತಾಯಿ ದೃಷ್ಟಿಯಾಗಬಾರದೆಂದು ಬ್ರೇಕಿನ ಸರಳಿಗೇ ಲಿಂಬೆಕಾಯಿ, ಮೆಣಸಿನಕಾಯಿ, ಕರಿ ದಾರ ಸುತ್ತಿ ಬಿಗಿದಿದ್ದರು. ಸರಳು ಅಲ್ಲಾಡುವುದಾದರೂ ಹೇಗೆ?

'ಯವ್ವಾ, ಇದನ್ನ ಬಿಚ್ಚಿದ್ರ ಬ್ರೇಕ್ ನೆಟ್ಟಗ ಆಕ್ಕೈತಿ' ಎಂದೆ.

'ಬಿಚ್ಚಿದ್ರ ದೃಷ್ಟಿ ಆಕ್ಕೈತಲ್ಲೋ ತಮ್ಮಾ! ಊರ ಕಣ್ಣೆಲ್ಲಾ ಇದರ ಮ್ಯಾಲ ಐತಿ' ಎಂದು ಆ ಮುದುಕಿ ಜಗಳಕ್ಕೇ ನಿಂತಳು. ಲಿಂಬೆಕಾಯಿ ಮುಂದಿನ ದೀಪಕ್ಕೆ ಕಟ್ಟಿಕೊಟ್ಟು ಕೈಮುಗಿದು ಬಂದೆ. ಆ ದಿನವೂ ಚಹಾ ಇರಲಿಲ್ಲ. ಇಂಥವನ್ನು ಹೇಳುತ್ತ ಹೋದರೆ ಮುಗಿಯುವುದಿಲ್ಲ. ಆದರೆ ನಾನು ಬರೆಯಲು ಕೂತದ್ದು ಸುರಪುರದ ಪ್ರಕರಣಕ್ಕಾಗಿ.

ಸುರಪುರದ ದನದ ದವಾಖಾನೆಯಲ್ಲಿ ಸಿದ್ಲಿಂಗಪ್ಪ ಎಂಬ ಡಾಕ್ಟರ್ ಇದ್ದರು. ಸರ್ಕಾರಿ ಕಾಗದದಲ್ಲಿ ಅವರು ಸಲೋತ್ರಿ, ಊರವರ ಬಾಯಲ್ಲಿ ದನದ ಡಾಕ್ಟರು. ಸುತ್ತಲ ಹಳ್ಳಿಗಳಲ್ಲಿ ದನಗಳಿಗೆ ದೊಡ್ಡರೋಗ ಬಂದಿತ್ತು. ಕುದುರೆಯ ಮೇಲೆ ಎಷ್ಟು ಊರು ತಿರುಗುತ್ತಾರೆ ಎಂದು ಇಲಾಖೆಯವರು ಅವರಿಗೆ ನಮ್ಮ ಏಜೆನ್ಸಿಯಿಂದ ಒಂದು ಫಟಫಟಿ ಕೊಡಿಸಿದ್ದರು. ಒಂದು ಬೆಳಿಗ್ಗೆ ಅವರು ಸುರಪುರದ ಗುಡ್ಡದ ಇಳಿಜಾರು ಇಳಿಯುತ್ತಿದ್ದಾಗ ಹಿಂದಿನ ಬ್ರೇಕ್ ಹಿಡಿಯಲಿಲ್ಲ. ಆ ಕಾಲದ ಗಾಡಿಗಳಲ್ಲಿ ಮುಂದಿನ ಬ್ರೇಕ್ ಹೆಸರಿಗೆ ಮಾತ್ರ. ಇಳಿಜಾರಿನಲ್ಲಿ ತಡೆಯುವುದೇನಿದ್ದರೂ ಹಿಂದಿನದು. ಎದುರಿಗೆ ದನದ ಹಿಂಡು ಹತ್ತಿ ಬರುತ್ತಿತ್ತು. ದನದ ಡಾಕ್ಟರು ದನಗಳ ಮೇಲೆ ಬಿಡಲು ಮನಸ್ಸಾಗದೆ ಗಾಡಿಯನ್ನು ಬಂಡೆಗೆ ತಿರುಗಿಸಿದರು. ಗಾಡಿ ಮುರಿಯಿತು, ಅವರ ಬಲಗಾಲೂ ಮುರಿಯಿತು.

ಇಲಾಖೆಯ ಮಾತು ಸರಳವಾಗಿತ್ತು. ಗಾಡಿಯೇ ಕೆಟ್ಟದ್ದಾದರೆ ಏಜೆನ್ಸಿಯವರು ಬೇರೆ ಗಾಡಿ ಕೊಡಬೇಕು, ಡಾಕ್ಟರ ನೌಕರಿ ಉಳಿಯುತ್ತದೆ. ಡಾಕ್ಟರೇ ಬೇಪರ್ವಾಯಿಯಿಂದ ಸರ್ಕಾರಿ ಗಾಡಿ ಹಾಳು ಮಾಡಿದ್ದಾದರೆ ಅವರು ಮನೆಗೆ ಹೋಗಬೇಕು. ಯಾವುದು ನಿಜ ಎಂಬುದು ಯಾದಗಿರಿಯ ಮಿಸ್ತ್ರಿಯ ಬಾಯಿಂದ ಬರಬೇಕು.

ನಾನು ಹೊರಡುವ ಮುಂಚೆ ಸೇಠ್ ನನ್ನನ್ನು ಕರೆದರು. 'ನೋಡು, ಇದು ಸರ್ಕಾರಿ ಗಾಡಿ. ಕಂಪನಿ ತಪ್ಪು ಅಂತ ನೀ ಬರದಿ ಅಂದ್ರ ಇನ್ನ ಮುಂದ ಒಂದ ಸರ್ಕಾರಿ ಗಾಡಿನೂ ನಮ್ಮ ಕಡಿಂದ ಹೋಗಂಗಿಲ್ಲ. ತಿಳೀತಿಲ್ಲೋ?'

'ತಿಳೀತ್ರಿ. ಗಾಡಿ ನೋಡ್ತೀನ್ರಿ' ಎಂದೆ.

'ನಾ ಏನ ಹೇಳಾಕತ್ತೀನಿ, ಇಂವಾ ಏನ ಹೇಳಾಕತ್ತಾನ!' ಎಂದು ಅವರು ಹಣೆ ಬಡಿದುಕೊಂಡರು.

ಏಜೆನ್ಸಿಯ ಹಳೆಯ ಗಾಡಿ ಹತ್ತಿ ಹೊರಟೆ. ಶಹಾಪುರದ ಮುಸಾಫಿರ್‌ಖಾನೆಯಲ್ಲಿ ಇಳಿದು ಕಟ್ಟಿಕೊಂಡು ಹೋದ ರೊಟ್ಟಿ ತಿಂದೆ. ಅಲ್ಲಿ ಎದುರಿಗೆ ಮಲಗಿದ ಮನುಷ್ಯನಂತೆ ಕಾಣುವ ಗುಡ್ಡವಿದೆ. ಎಷ್ಟೋ ವರ್ಷ ಆ ದಾರಿಯಲ್ಲಿ ನನಗೆ ಗುರುತಿನವರು ಅಂತ ಇದ್ದದ್ದು ಆ ಗುಡ್ಡ ಒಂದೇ. 'ಏನಪಾ, ಇನ್ನಾ ಎದ್ದಿಲ್ಲೇನು?' ಎಂದು ಮಾತಾಡಿಸಿ ಮುಂದೆ ಹೋಗುತ್ತಿದ್ದೆ. ನಗಬೇಡಿ. ಒಬ್ಬನೇ ತಿರುಗುವವನಿಗೆ ಮಾತು ಹೊರಗೆ ಬರದಿದ್ದರೆ ಗಂಟಲು ಕಟ್ಟುತ್ತದೆ.

ಸುರಪುರದಲ್ಲಿ ಡಾಕ್ಟರ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮುರಿದ ಗಾಡಿಯನ್ನು ಒರಗಿಸಿ ಇಟ್ಟಿದ್ದರು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಡಾಕ್ಟರ್ ಮಲಗಿದ್ದರು. ನಾನು ಬಂದವನೇ ಪಾನಾ ಚೀಲ ಬಿಚ್ಚಿದೆ. ಒಳಗಿನಿಂದ ಅವರ ಹೆಂಡತಿ ನೀಲಮ್ಮ ಹೊರಗೆ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

'ಅಣ್ಣಾರ, ಮದ್ಲ ಕೈಕಾಲು ತೊಳಕೋರಿ. ಗಾಡಿ ಎಲ್ಲಿ ಓಡಿ ಹೊಕ್ಕೈತ್ರಿ, ಮುರದ ಬಿದ್ದೈತಿ' ಎಂದರು.

ಬಿಸಿ ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ. ನಾನು ತಲೆ ಎತ್ತದೆ ಉಂಡೆ. ತಲೆ ಎತ್ತಿದ್ದರೆ ಕಣ್ಣಲ್ಲಿ ನೀರು ಬಂದದ್ದು ಕಾಣುತ್ತಿತ್ತು. ಗ್ಯಾರಂಟಿ ಕೆಲಸಕ್ಕೆಂದು ಹೋದ ಮನೆಯಲ್ಲಿ ನನಗೆ ಎಲೆ ಹಾಕಿದ್ದು ಅದೇ ಮೊದಲು. ಇವರ ನೌಕರಿ ಉಳಿಯಲಿ ದೇವರೇ, ಗಾಡಿಯಲ್ಲಿ ಏನಾದರೂ ಕಂಪನಿಯ ತಪ್ಪು ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

'ಮಿಸ್ತ್ರಿ, ನಾ ಬ್ರೇಕ್ ಮ್ಯಾಲ ಎದ್ದ ನಿಂತಿದ್ದೆ. ಖರೇ ಹೇಳ್ತೀನಿ, ಪೂರಾ ಭಾರ ಬಿಟ್ಟ ನಿಂತಿದ್ದೆ. ಗಾಡಿ ನನ್ನ ಮಾತ ಕೇಳಲಿಲ್ಲ' ಎಂದರು ಡಾಕ್ಟರ್, ಹೊರಸಿನ ಮೇಲಿಂದ.

'ನೋಡೂಣ್ರಿ ಸಾಹೇಬ್ರ' ಎಂದು ಹಿಂದಿನ ಚಕ್ರ ಬಿಚ್ಚಿದೆ.

ಈಗಿನ ಹುಡುಗರಿಗೆ ಒಂದು ಮಾತು ಹೇಳಬೇಕು. ಚಕ್ರದ ನಡುವೆ ಡಬ್ಬಿಯಂಥ ಡ್ರಮ್ ಇರುತ್ತದೆ, ಅದರೊಳಗೆ ಎರಡು ಪಟ್ಟಿಗಳು ಅಗಲಗೊಂಡು ಡ್ರಮ್ಮನ್ನು ಉಜ್ಜಿ ಹಿಡಿದರೆ ಗಾಡಿ ನಿಲ್ಲುತ್ತದೆ. ಆ ಪಟ್ಟಿ ಒಣಗಿರಬೇಕು. ಒಂದು ಹನಿ ಜಿಡ್ಡು ತಾಗಿದರೂ ಹಿಡಿತ ಹೋಯಿತು. ನಾನು ಡ್ರಮ್ ತೆಗೆದೆ. ಒಳಗಿನಿಂದ ಕಪ್ಪಗೆ, ಮಂದವಾಗಿ ಏನೋ ಇಳಿದು ನನ್ನ ಅಂಗೈ ಮೇಲೆ ಬಿತ್ತು. ಮೂಗಿನ ಹತ್ತಿರ ಹಿಡಿಯುವ ಅಗತ್ಯವೇ ಇರಲಿಲ್ಲ. ವಾಸನೆ ಅಂಗಳದ ತುಂಬ ಹರಡಿತು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ವಾಸನೆ. ಬಂಡಿ ಕಟ್ಟುವ ನಾಡಿನಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ಎತ್ತಿನ ಬಂಡಿಯ ಗಾಲಿಗೆ ಹಾಕುವ ಕೀಲೆಣ್ಣೆ ಅದು.

ತಲೆ ಎತ್ತಿದೆ. ಹೊರಸಿನ ಮೇಲೆ ಡಾಕ್ಟರ ಮುಖ ಬಿಳಿಚಿಕೊಂಡಿತ್ತು. ವಾಸನೆ ಅವರಿಗೂ ಮುಟ್ಟಿತ್ತು.

ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ನೀಲಮ್ಮ ಮಾತ್ರ ಹಗುರವಾಗಿ ಕೇಳಿದರು. 'ಇನ್ನಾ ಎಣ್ಣಿ ಐತೇನ್ರಿ ಅದರಾಗ? ಅಮಾಸಿಗೊಮ್ಮಿ ತಪ್ಪದಂಗ ಹಾಕಿದ್ದೇನ್ರಿ ನಾನು. ನಮ್ಮಪ್ಪ ದೇವಾಪುರದಾಗ ಬಂಡಿ ಹೂಡೂ ಮುಂದ ಕೀಲೆಣ್ಣಿ ಹಾಕದ ಒಂದ ಹೆಜ್ಜಿ ಮುಂದ ಇಡತಿದ್ದಿಲ್ಲ. ಇವರು ನೋಡಿದ್ರ ಹಂಗ ಹತ್ತಿ ಹೊಕ್ಕಾರ. ನಿಂದರಸೂ ಮುಂದ ಗಾಲಿ ಕಿರ್ರ್ ಅಂತ ಒದರತಿತ್ರಿ. ಕೇಳಿದ್ರ ನನ್ನ ಎದಿ ಝಲ್ ಅಂತಿತ್ತು. ದಾರ್‍ಯಾಗ ಅಚ್ಚು ಮುರದ್ರ ಯಾರ ಅದಾರ್ರಿ ಇವರಿಗೆ? ಗಾಲಿ ಬದಿಗೆ ಒಂದ ಸಣ್ಣ ಮುಚ್ಚಳ ಐತಲ್ರಿ, ಬೆರಳಿಲೆ ಎತ್ತಿದ್ರ ಏಳತೈತಿ. ಅದರಾಗ ಗೊಟ್ಟದಿಂದ ಸಾವಕಾಶ ಹಾಕತಿದ್ದೆ. ಇವರಿಗೆ ಹೇಳಿದ್ರ, ನಿನಗ್ಯಾಕ ಉಸಾಬರಿ ಅಂತಾರಂತ ಹೇಳಿದ್ದಿಲ್ಲ ನೋಡ್ರಿ.'

ಆ ಸಣ್ಣ ಮುಚ್ಚಳ ಏನೆಂದು ನನಗೆ ಗೊತ್ತು. ಬ್ರೇಕಿನ ಕೀಲಿಗೆ ಎಂದಾದರೊಮ್ಮೆ ಒಂದು ಹನಿ ಎಣ್ಣೆ ಬಿಡಲು ಕಂಪನಿಯವರು ಇಟ್ಟದ್ದು. ಈಕೆ ಎಣ್ಣೆಯ ಬಿದಿರು ಗೊಟ್ಟ ತುಂಬ ಹೊಯ್ದಿದ್ದರು. ಪಟ್ಟಿಗಳು ಎಣ್ಣೆಯಲ್ಲಿ ನೆಂದು ಹೋಗಿದ್ದವು.

ನೀಲಮ್ಮ ನನ್ನ ಕೈ ನೋಡಿದರು, ಗಂಡನ ಮುಖ ನೋಡಿದರು.

'ಹಾಕಬಾರದಿತ್ತೇನ್ರಿ ಅಣ್ಣಾರ?'

'ಛೇ ಛೇ, ಹಂಗೇನಿಲ್ಲ!'

ಹೇಳಿದ್ದು ನಾವಿಬ್ಬರೂ. ಒಮ್ಮೆಗೇ, ಅದೇ ಮಾತು, ಅದೇ ಅವಸರ. ಅದರಿಂದಲೇ ಕೆಟ್ಟಿತು. ಒಬ್ಬರೇ ಹೇಳಿದ್ದರೆ ನಂಬುತ್ತಿದ್ದರೋ ಏನೋ. ನೀಲಮ್ಮ ತಂಬಿಗೆಯನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತರು. ಅಳಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡುತ್ತ ಕೂತರು. ಅಯ್ಯೋ, ಆ ಹೊತ್ತು ಭೂಮಿ ಬಾಯ್ತೆರೆದರೆ ಸಾಕಿತ್ತು ನನಗೆ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರ್ ನನ್ನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಹೇಳಿದರು. 'ಓಡಿಸಿದಾವನ ತಪ್ಪು ಅಂತ ಬರೀ. ಜೋರ ಹೊಡದಾನ ಅಂತ ಬರೀ. ಎಣ್ಣಿ ಸುದ್ದಿ ತಗೀಬ್ಯಾಡ.'

'ನೌಕರಿ ಹೊಕ್ಕೈತ್ರಿ ಸಾಹೇಬ್ರ.'

'ಹೋಗ್ಲಿ ಬಿಡು. ಕಚೇರ್‍ಯಾಗ ನಾಕ ಮಂದಿ ಕುಂತ ಆಕಿ ಹೆಸರ ಓದಿ ನಗಬಾರದು. ಆಕಿ ಜೀವನಾ ಪೂರ್ತಿ ಅದನ್ನ ಹೊತ್ಕೊಂಡ ಅಡ್ಡಾಡಬಾರದು.'

ಅಷ್ಟು ಸಣ್ಣ ಮನೆಯಲ್ಲಿ ಸಣ್ಣ ದನಿಯಾದರೂ ಎಲ್ಲಿ ಅಡಗುತ್ತದೆ? ನೀಲಮ್ಮ ಹೊಸ್ತಿಲಿಂದಲೇ ಅಂದರು: 'ನನ್ನ ಹೆಸರ ಬರೀರಿ ಅಣ್ಣಾರ. ನಾ ಹಾಕಿದ್ದು, ಇವರಿಗೆ ಗೊತ್ತಿದ್ದಿಲ್ಲಂತ ಬರೀರಿ. ಬೇಕಾದ್ರ ನಾ ಬಂದ ಹೇಳ್ತೀನಿ.'

'ನೀ ಸುಮ್ಕಿರು!' ಎಂದು ಡಾಕ್ಟರ್ ಗದರಿದರು. ಗದರಿದವರ ದನಿ ನಡುವೆಯೇ ಒಡೆಯಿತು.

ಈಕೆಯ ಹೆಸರು ಬರೆದರೂ ಪ್ರಯೋಜನವಿರಲಿಲ್ಲ. ಸರ್ಕಾರಿ ಗಾಡಿಯನ್ನು ಮನೆಯವರ ಕೈಗೆ ಯಾಕೆ ಬಿಟ್ಟೆ ಎಂದು ಮತ್ತೆ ಡಾಕ್ಟರ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು. ಪಟ್ಟಿ ಒರೆಸಿ, ಡ್ರಮ್ ತೊಳೆದು, ಕಂಪನಿಯ ತಪ್ಪು ಎಂದು ಹಸಿ ಸುಳ್ಳು ಬರೆಯಲೇ ಎಂದೂ ಯೋಚಿಸಿದೆ. ಆದರೆ ಮುಂಬೈಯ ಕಂಪನಿಯವರು ಚಕ್ರ ತರಿಸಿಕೊಂಡು ನೋಡುತ್ತಿದ್ದರು. ಪಟ್ಟಿ ಒಮ್ಮೆ ಕುಡಿದರೆ ಔಡಲೆಣ್ಣೆ ಬಿಡುವ ಪದಾರ್ಥವಲ್ಲ.

ವಾಪಸು ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಮುಚ್ಚಳವೇ ಕುಣಿಯುತ್ತಿತ್ತು. ಸರಿ, ಎಣ್ಣೆ ಹಾಕಿದ್ದು ಆಕೆ. ಮುಚ್ಚಳ ಇಟ್ಟವರು ಯಾರು? ಗಾಲಿಗೆ ಎಣ್ಣೆ ಹಾಕದೆ ಮನೆ ಬಿಡಬಾರದು ಎಂದು ನಂಬಿದ ನಾಡಿಗೆ, ಗಾಲಿಯ ನಟ್ಟನಡುವೆ, ಬೆರಳು ತಾಗಿಸಿದರೆ ತೆರೆಯುವ ಮುಚ್ಚಳ ಇಟ್ಟು ಗಾಡಿ ಕಳಿಸುತ್ತಾರೆ. ಇಲ್ಲಿ ಹಾಕಬೇಡಿ ಎಂದು ಯಾರಾದರೂ ಹೇಳಿದರೇ? ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನದು. ಡಾಕ್ಟರ ಓದು ಉರ್ದುವಿನದು. ನೀಲಮ್ಮನಿಗೆ ಯಾವುದೂ ಇಲ್ಲ. ಯಾದಗಿರಿಯಲ್ಲಿ ಆ ಗಾಡಿಯನ್ನು ಡಾಕ್ಟರ ಕೈಗೆ ಒಪ್ಪಿಸಿದವನು ನಾನೇ. ನನಗೂ ಹೇಳಬೇಕೆಂದು ಹೊಳೆದಿರಲಿಲ್ಲ.

ಹೀಗೆಯೇ ಬರೆದೆ. ಡ್ರಮ್ಮಿನಲ್ಲಿ ಎಣ್ಣೆ ಇತ್ತು, ಮುಚ್ಚಳದಿಂದ ಹೋಗಿದೆ, ಹಾಕಬಾರದೆಂದು ಯಾರೂ ತಿಳಿಸಿಲ್ಲ, ಆದ್ದರಿಂದ ತಪ್ಪಿನಲ್ಲಿ ಕಂಪನಿಯ ಪಾಲೂ ಇದೆ. ಹಾಕಿದವರ ಹೆಸರು ಬರೆಯಲಿಲ್ಲ.

ಸೇಠ್ ಓದಿಸಿ ಕೇಳಿ ಎದ್ದು ನಿಂತರು. 'ಎಣ್ಣಿ ಯಾರ ಹಾಕಿದ್ರು?'

'ಗೊತ್ತಿಲ್ರಿ.'

'ಗೊತ್ತಿಲ್ಲ! ನಾಳಿ ಒಬ್ಬಾಂವ ಪೆಟ್ರೋಲ್ ಟಾಕ್ಯಾಗ ಮಜ್ಜಿಗಿ ಹೊಯ್ತಾನ. ಟಾಕಿಗೆ ಮುಚ್ಚಳ ಯಾಕಿಟ್ಟಿದ್ರಿ ಅಂತ ಅದಕ್ಕೂ ಕಂಪನೀನ ಕೇಳ್ತೀಯೇನು? ಯಾರ ಅನ್ನ ತಿಂತೀಯೋ ನೀನು, ಕಂಪನೀದೋ ಡಾಕ್ಟರಂದೋ?'

ನಾನು ತಿಂದದ್ದು ಡಾಕ್ಟರ ಮನೆಯ ರೊಟ್ಟಿ, ಅದೂ ನಿಜವೇ. ಸೇಠ್ ಮಾತಿನಲ್ಲಿ ನ್ಯಾಯ ಇರಲಿಲ್ಲ ಎಂದು ಹೇಳಲಾರೆ. ಅರ್ಧ ನ್ಯಾಯ ಅವರ ಕಡೆ, ಅರ್ಧ ನನ್ನ ಕಡೆ. ಆದರೆ ಕಾಗದದ ಮೇಲೆ ಅರ್ಧ ಅರ್ಧ ಎಂದು ಬರೆಯಲು ಜಾಗವೇ ಇರುವುದಿಲ್ಲ. ಬೇಕಾದರೆ ಕಂಪನಿಯದು, ಇಲ್ಲದಿದ್ದರೆ ಗಿರಾಕಿಯದು.

ಮುಂಬೈಯಿಂದ ಉತ್ತರ ಬಂತು. ಗಿರಾಕಿ ಹೊರಗಿನಿಂದ ಹಾಕಿದ ಪದಾರ್ಥಕ್ಕೆ ಗ್ಯಾರಂಟಿ ಇಲ್ಲ. ಇಲಾಖೆಯವರು ಡಾಕ್ಟರನ್ನು ನೌಕರಿಯಿಂದ ತೆಗೆದರು. ಏಜೆನ್ಸಿಯಲ್ಲಿ ಮಿಕ್ಕವರು ಎಷ್ಟೋ ದಿನ ನನ್ನನ್ನು ಕಂಡರೆ, 'ಕೀಲೆಣ್ಣಿ ವಕೀಲ ಬಂದ್ನೋ' ಎನ್ನುತ್ತಿದ್ದರು.

ಆಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಹೊಸ ಗಾಡಿ ಮನೆಗೆ ಮುಟ್ಟಿಸಿದಾಗ ಒಳಗಿನ ಹೆಣ್ಣುಮಕ್ಕಳನ್ನು, ಮುದುಕರನ್ನು ಕರೆದು ನಿಲ್ಲಿಸಿ ಹೇಳುತ್ತಿದ್ದೆ: ಇಲ್ಲಿ ಎಣ್ಣೆ ಬೇಡ, ಇಲ್ಲಿ ದಾರ ಬೇಡ, ಕಿರ್ರ್ ಎಂದರೆ ಹೆದರಬೇಡಿ. ಗಂಡಸರು ನಗುತ್ತಿದ್ದರು. ನಗಲಿ. ಹುಡುಗರೇ, ಗಾಡಿ ಕೆಟ್ಟ ಮನೆಗೆ ಹೋದರೆ ಅದನ್ನು ಯಾರು ಹಾಳು ಮಾಡಿದರು ಎಂದು ಹುಡುಕಬೇಡಿ. ಈ ಮನೆಯಲ್ಲಿ ಇದನ್ನು ಅಕ್ಕರೆಯಿಂದ ನೋಡಿಕೊಂಡವರು ಯಾರು ಎಂದು ಕೇಳಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ. ಸಿಕ್ಕ ಮೇಲೆ ಏನು ಮಾಡಬೇಕೆಂದು ಮಾತ್ರ ನನ್ನನ್ನು ಕೇಳಬೇಡಿ.

ಮುರಿದ ಗಾಡಿಯನ್ನು ಲಾರಿಗೆ ಹಾಕಿಸಿ ತರಲು ಮತ್ತೊಮ್ಮೆ ಸುರಪುರಕ್ಕೆ ಹೋಗಬೇಕಾಯಿತು. ಹೋಗಲು ಕಾಲೇ ಬರುತ್ತಿರಲಿಲ್ಲ. ಹೋದ ದಿನವೇ ಅವರು ಮನೆ ಬಿಡುತ್ತಿದ್ದರು. ನೀಲಮ್ಮನ ತಂದೆ ದೇವಾಪುರದಿಂದ ಬಂಡಿ ತಂದಿದ್ದರು. ಟ್ರಂಕು, ಹಾಸಿಗೆ, ಪಾತ್ರೆ ಎಲ್ಲ ಹೇರಿ ಆಗಿತ್ತು. ಡಾಕ್ಟರ ಕಾಲು ಸೊಟ್ಟಗೆ ಕೂಡಿಕೊಂಡಿತ್ತು. ಕೋಲು ಊರಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡು, 'ಬಾ ಮಿಸ್ತ್ರಿ' ಎಂದರು. ಅಷ್ಟೇ. ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಎತ್ತು ಹೂಡಿದ ಮೇಲೆ ಮುದುಕ ಮಗಳನ್ನು ಕೂಗಿದ: 'ನೀಲಾ, ಗೊಟ್ಟ ತಗೋಳವ್ವಾ. ಕೀಲೆಣ್ಣಿ ಹಾಕಿ ಹೊಂಡೂಣು.'

ಗೊಟ್ಟ ಬಂಡಿಯ ಕೆಳಗೆ ತೂಗುತ್ತಿತ್ತು. ನೀಲಮ್ಮ ಅದರ ಕಡೆ ನೋಡಲಿಲ್ಲ. ಮುಖ ಆಚೆ ತಿರುಗಿಸಿ, 'ನೀನ ಹಾಕೋ ಯಪ್ಪಾ' ಎಂದರು.

'ಯಾಕಬೇ? ಸಣ್ಣಾಕಿ ಇದ್ದಾಗಿಂದ ನೀನ ಹಾಕಾಕಿ' ಎಂದ ಮುದುಕ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ಡಾಕ್ಟರ್ ಕೋಲೂರುತ್ತ ಮೆಟ್ಟಿಲಿಳಿದು ಬಂದರು. ಕಷ್ಟಪಟ್ಟು ಬಗ್ಗಿ ಗೊಟ್ಟ ಬಿಚ್ಚಿದರು. ಅದನ್ನು ತಂದು ಹೆಂಡತಿಯ ಮುಂದೆ ಹಿಡಿದರು.

'ಹಾಕು.'

'ನಾ ಒಲ್ಲೆ.'

'ಹಾಕು ಅಂದೆ.'

'ನನ್ನ ಕೈಲೆ ಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ, ನನ್ನ ಕೈಲೆ ಬ್ಯಾಡ.'

'ನೀ ಹಾಕದ ನಾ ಈ ಬಂಡಿ ಹತ್ತಂಗಿಲ್ಲ ನೋಡು. ಇಲ್ಲೇ ನಿಂದರತೀನಿ' ಎಂದರು ಡಾಕ್ಟರ್. ನಿಂತೇಬಿಟ್ಟರು, ಆ ಸೊಟ್ಟ ಕಾಲಿನ ಮೇಲೆ.

ನೀಲಮ್ಮ ಗೊಟ್ಟ ತೆಗೆದುಕೊಂಡರು. ಎಣ್ಣೆ ಸೀರೆಯ ಮೇಲೂ ನೆಲದ ಮೇಲೂ ಚೆಲ್ಲಿತು. ಒಂದು ಗಾಲಿಗೆ ಹಾಕಿದರು. ಸುತ್ತಿಕೊಂಡು ಹೋಗಿ ಇನ್ನೊಂದು ಗಾಲಿಗೆ ಹಾಕಿದರು. ಆಗ ಅತ್ತರು, ಎಲ್ಲರ ಎದುರಿಗೇ, ದನಿ ತೆಗೆದು ಅತ್ತರು. ಡಾಕ್ಟರ್ ಆಕೆಯ ಹೆಗಲ ಮೇಲೆ ಭಾರ ಬಿಟ್ಟು ಬಂಡಿ ಹತ್ತಿದರು. 'ಈಗ ಹೊಡೀರಿ ಮಾವಾರ' ಎಂದರು.

ಬಂಡಿ ಅದೇ ಇಳಿಜಾರಿನಲ್ಲಿ ಇಳಿಯಿತು. ಗಾಲಿಯಿಂದ ಒಂದಿಷ್ಟೂ ಸದ್ದು ಬರಲಿಲ್ಲ. ಕಾಲು ಹೋದ, ನೌಕರಿ ಹೋದ ಆ ಮನುಷ್ಯನನ್ನು ನೋಡಿ ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ನನಗಾದದ್ದು ಹೊಟ್ಟೆಕಿಚ್ಚು. ಬಂಡಿ ಬಂಡೆಯ ಹಿಂದೆ ಮರೆಯಾಗುವವರೆಗೂ ನೋಡಿದೆ. ಆಮೇಲೆ ಮುರಿದ ಗಾಡಿಯ ಪಕ್ಕದಲ್ಲಿ ಲಾರಿ ಕಾಯುತ್ತ ಕೂತೆ.